ಕಾಫಿ ಪೂಲು, ಹಾಡಿನ ಪೂಲು

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹೋಟೆಲೊಂದರಲ್ಲಿ ಕೂತಿದ್ದಾಗ ಟೀಚರ್ ತಮ್ಮ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಅವರು ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಾರೆ, ಸೋಬಾನೆ ಪದ ಹಾಡುತ್ತಾರೆ. ಅವರ ಎಂಟು ಪದಗಳನ್ನು ನಾನೇ ರೆಕಾರ್ಡ್ ಮಾಡಿ ಹಾಡು ಕೇಳುವ ಎಲ್ಲ ಆ್ಯಪ್‌ಗಳಿಗೂ ಏರಿಸಿಕೊಟ್ಟಿದ್ದೆ. ಅದರ ಮೊದಲ ಲೆಕ್ಕದ ಪಟ್ಟಿ ಬಂದಿತ್ತು. ಹಾಡು, ತಿಂಗಳು, ಆ್ಯಪ್, ದೇಶ, ಎಷ್ಟು ಸಲ, ಎಷ್ಟು ಹಣ. ಹಣದ ಕಾಲಮ್ಮಿನಲ್ಲಿ ಸೊನ್ನೆ, ಚುಕ್ಕೆ, ಮತ್ತೆ ಎರಡು ಸೊನ್ನೆ, ಆಮೇಲೆ ಏನೋ ಒಂದು ಅಂಕಿ. ಒಂದು ಸಾಲಿನಲ್ಲಿ ಬ್ರೆಜಿಲ್, ಒಂದು ಸಲ. ಎಲ್ಲ ಕೂಡಿಸಿದರೆ ನಮ್ಮ ಮುಂದಿದ್ದ ಎರಡು ಮಸಾಲೆ ದೋಸೆ, ಎರಡು ಕಾಫಿಯ ಬಿಲ್ಲಿಗೆ ಸ್ವಲ್ಪ ಕಮ್ಮಿ ಬೀಳುತ್ತಿತ್ತು.

"ದುಡ್ಡು ಹೋಗ್ಲಿ ಮಾರಾಯ್ರೆ," ಅಂದರು ಟೀಚರ್. "ಕೇಳಿದ್ದು ಯಾರು ಅಂತ ಇದರಲ್ಲಿ ಎಲ್ಲಿದೆ?"

ಎಲ್ಲೂ ಇಲ್ಲ. ದೇಶ ಸಿಗುತ್ತದೆ, ಹುಡುಕಿದರೆ ಊರು ಸಿಗುತ್ತದೆ, ಕೇಳುವವರ ವಯಸ್ಸಿನ ಗುಂಪೂ ಸಿಗುತ್ತದೆ. ಮನುಷ್ಯರು ಸಿಗುವುದಿಲ್ಲ. ಸ್ಟ್ರೀಮಿಂಗ್, ಅಂದರೆ ಹೀಗೆ ಆ್ಯಪ್‌ಗಳಲ್ಲಿ ಹಾಡು ಕೇಳಿಸುವುದರ ಬಗ್ಗೆ ಕಲಾವಿದರ ಜಗಳ ಸಾಮಾನ್ಯವಾಗಿ ಪೈಸೆಯ ಸುತ್ತ ನಡೆಯುತ್ತದೆ. ಪೈಸೆಯ ಜಗಳ ನಿಜವೇ, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಆದರೆ ನಮ್ಮಂಥ ಸಣ್ಣ ಊರಿನ, ಸಣ್ಣ ಕೇಳುಗ ಬಳಗದ ಹಾಡುಗಾರರಿಗೆ ಆಗುತ್ತಿರುವ ದೊಡ್ಡ ನಷ್ಟ ಟೀಚರ್ ಕೇಳಿದ ಆ ಪ್ರಶ್ನೆಯಲ್ಲೇ ಇದೆ ಅಂತ ನನಗೆ ಅವತ್ತಿನಿಂದ ಅನ್ನಿಸುತ್ತಾ ಬಂದಿದೆ.

ಪಟ್ಟಿಯನ್ನು ಅವರ ಮಾವನವರಿಗೂ ತೋರಿಸಿದೆವು. ಹಳೆ ಕಾಲದ ಪ್ಲಾಂಟರ್. ಕನ್ನಡಕ ಏರಿಸಿ ಎರಡು ನಿಮಿಷ ನೋಡಿ, "ಇದು ನಮ್ಮ ಪೂಲಿನ ಪಾಯಿಂಟ್ ಲೆಕ್ಕ ಕಣಮ್ಮ" ಅಂದುಬಿಟ್ಟರು. ಸ್ಟ್ರೀಮಿಂಗ್ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ತಿಳಿಸಿಕೊಟ್ಟಿತು.

ಕಾಫಿ ಸೀಮೆಯ ಹೊರಗಿನವರಿಗೆ ಪೂಲ್ ಅಂದರೆ ಏನೆಂದು ಗೊತ್ತಿರಲಾರದು. 1940ರ ದಶಕದಿಂದ 1990ರ ದಶಕದವರೆಗೆ ನಮ್ಮ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಮೂಟೆ ಕಟ್ಟಿ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಅಲ್ಲಿ ಎಲ್ಲರ ಕಾಫಿಯೂ ಒಂದಾಗುತ್ತಿತ್ತು. ಬೋರ್ಡು ಹರಾಜು ಹಾಕಿ, ಬಂದ ಹಣವನ್ನೆಲ್ಲ ಒಟ್ಟು ಮಾಡಿ, ದರ್ಜೆಗೆ ಇಷ್ಟು ಪಾಯಿಂಟ್ ಎಂದು ಲೆಕ್ಕ ಹಾಕಿ, ಕಂತುಕಂತಾಗಿ ಬೆಳೆಗಾರರಿಗೆ ಕೊಡುತ್ತಿತ್ತು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಕೊಯ್ಲೂ ಆಗಿಹೋಗಿರುತ್ತಿತ್ತು. ನಿಮ್ಮ ತೋಟದ ಬೀಜ ಕುಡಿದದ್ದು ಮದ್ರಾಸಿನವರೋ ಮಾಸ್ಕೋದವರೋ ಗೊತ್ತಾಗುತ್ತಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲ ಮಾಡಿ, 1996ಕ್ಕೆ ಪೂಲನ್ನು ಪೂರ್ತಿ ಕೈಬಿಟ್ಟರು.

ಈಗ ಹಾಡಿನ ಪೂಲಿಗೆ ಬನ್ನಿ. ಸ್ಪಾಟಿಫೈನಲ್ಲಿ ಒಂದು ಹಾಡಿಗೆ ಇಷ್ಟು ಅನ್ನುವ ನಿಗದಿ ದರವೇ ಇಲ್ಲ. ಒಂದು ದೇಶದಲ್ಲಿ ಒಂದು ತಿಂಗಳು ಚಂದಾದಿಂದ, ಜಾಹೀರಾತಿನಿಂದ ಬಂದ ಹಣವನ್ನೆಲ್ಲ ಕೂಡಿಸುತ್ತಾರೆ. ಕಂಪನಿ ತನ್ನ ಪಾಲು ಇಟ್ಟುಕೊಂಡು ಸುಮಾರು ಮೂರರಲ್ಲಿ ಎರಡು ಭಾಗವನ್ನು ಹಕ್ಕುದಾರರಿಗೆ ಬಿಡುತ್ತದೆ. ಅದನ್ನು ಹಂಚುವುದು ಒಟ್ಟು ಕೇಳಿಕೆಯಲ್ಲಿ, ಅಂದರೆ ಹಾಡು ಕೇಳಿದ ಒಟ್ಟು ಸಲದಲ್ಲಿ, ಯಾರದು ಎಷ್ಟು ಪಾಲು ಎಂಬ ಲೆಕ್ಕದ ಮೇಲೆ. ಹೆಚ್ಚಿನ ದೊಡ್ಡ ಆ್ಯಪ್‌ಗಳ ಪದ್ಧತಿ ಇದೇ. ಪೂಲು ಸಣ್ಣದೇನಲ್ಲ. 2024ರಲ್ಲಿ ಸ್ಪಾಟಿಫೈ ಒಂದೇ ಕಂಪನಿ ಎಲ್ಲ ಹಕ್ಕುದಾರರಿಗೆ ಕೊಟ್ಟದ್ದು 1,000 ಕೋಟಿ ಡಾಲರ್.

ಹಾಗಾದರೆ ಟೀಚರಿಗೆ ದೋಸೆ ದುಡ್ಡು ಮಾತ್ರ ಬಂದದ್ದು ಹೇಗೆ? ಅವರನ್ನು ಕೇಳುವವರು ಕಡಿಮೆ ಅನ್ನುವುದು ಅರ್ಧ ಉತ್ತರ. ಉಳಿದರ್ಧಕ್ಕೆ ಒಂದು ಆಟದ ಲೆಕ್ಕ ಹಾಕೋಣ. ನೂರು ಜನ ಚಂದಾದಾರರಿರುವ ಪುಟ್ಟ ಆ್ಯಪ್ ಒಂದಿದೆ ಅಂತಿಟ್ಟುಕೊಳ್ಳಿ. ತಲಾ 100 ರೂಪಾಯಿ ಚಂದಾ, ಅದರಲ್ಲಿ 70 ಪೂಲಿಗೆ. ಪೂಲಿನಲ್ಲಿ 7,000 ರೂಪಾಯಿ ಆಯಿತು. ಈ ನೂರರಲ್ಲಿ 95 ಜನ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹಾಡು ಸಿಕ್ಕಿಸಿಕೊಂಡೇ ಇರುವವರು, ಜಿಮ್ಮಿನಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ. ಇವರು ತಿಂಗಳಿಗೆ ತಲಾ ಸಾವಿರ ಹಾಡು ಕೇಳುತ್ತಾರೆ. ಉಳಿದ ಐದು ಜನ ಟೀಚರ ಅಭಿಮಾನಿಗಳು. ತಿಂಗಳಿಗೆ ನೂರೇ ಹಾಡು ಕೇಳುತ್ತಾರೆ, ನೂರೂ ಟೀಚರದೇ. ಒಟ್ಟು ಕೇಳಿಕೆ 95,500, ಅದರಲ್ಲಿ ಟೀಚರದು 500. ಅವರ ಪಾಲಿಗೆ ಬರುವುದು 36 ರೂಪಾಯಿ 65 ಪೈಸೆ. ಆದರೆ ಆ ಐದು ಜನ ಪೂಲಿಗೆ ಹಾಕಿದ ಹಣ 350. ಬೇರೆ ಯಾರ ಹಾಡನ್ನೂ ಮುಟ್ಟದ ಅವರ ಜೇಬಿನಿಂದ 313 ರೂಪಾಯಿ ಹೋಗಿ ಸೇರಿದ್ದು, ಅವರು ಹೆಸರೂ ಕೇಳಿರದವರ ಖಾತೆಗೆ.

ಚಂದಾದಾರನ ಹಣ ಅವನು ಕೇಳಿದವರಿಗೇ ಹೋಗಲಿ ಅನ್ನುವ ಇನ್ನೊಂದು ಪದ್ಧತಿಯೂ ಇದೆ. ಸೌಂಡ್‌ಕ್ಲೌಡ್ ಆ್ಯಪ್ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಅದನ್ನು ತಂದಿತು. ಫ್ರಾನ್ಸಿನ ಡೀಜರ್ 2023ರಲ್ಲಿ ಬೇರೆ ರೀತಿಯಲ್ಲಿ ತಿದ್ದುಪಡಿ ಮಾಡಿತು. ನಮ್ಮಲ್ಲಿ ಜನ ಬಳಸುವ ದೊಡ್ಡ ಆ್ಯಪ್‌ಗಳು ಹಳೆ ಪೂಲಿನಲ್ಲೇ ಇವೆ.

ಮಾವನವರ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಕಾಫಿ ಪೂಲಿನಲ್ಲಿ ತೂಕ ಇತ್ತು, ದರ್ಜೆ ಇತ್ತು. ತೊಳೆದು ಹದಮಾಡಿದ ಪ್ಲಾಂಟೇಶನ್ ಎ ದರ್ಜೆಗೆ ಒಂದು ಪಾಯಿಂಟ್, ಹಣ್ಣಿನಲ್ಲೇ ಒಣಗಿಸಿದ ಚೆರ್ರಿಗೆ ಇನ್ನೊಂದು. ಹಾಡಿನ ಪೂಲಿನಲ್ಲಿ ತೂಕವೇ ಇಲ್ಲ. 30 ಸೆಕೆಂಡ್ ದಾಟಿದರೆ ಒಂದು ಕೇಳಿಕೆ, ಅಷ್ಟೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ನೆನೆಯಿರಿ. ಕಾವೇರಿ ದಂಡೆಯ ಆ ಊರಿನಿಂದ ಎದ್ದುಬಂದ ಸಂಗೀತಗಾರರು ಒಬ್ಬಿಬ್ಬರಲ್ಲ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ರುದ್ರಪಟ್ಟಣಂ ಸಹೋದರರು ಅಲ್ಲಿಯವರು. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇರುವುದೂ ಅಲ್ಲೇ. ಅಂಥ ಊರಿನ ವಿದ್ವಾಂಸರೊಬ್ಬರು ನಲವತ್ತು ನಿಮಿಷ ರಾಗ ತಾನ ಪಲ್ಲವಿ ಹಾಡಿ ಆ್ಯಪಿಗೆ ಏರಿಸಿದರೆ, ಪೂರ್ತಿ ಕೇಳಿದವನಿಂದ ಬರುವುದೂ ಒಂದೇ ಕೇಳಿಕೆ. ಮೂವತ್ತೊಂದು ಸೆಕೆಂಡಿನ ಮಳೆ ಸದ್ದಿನ ಟ್ರ್ಯಾಕಿಗೂ ಒಂದೇ ಕೇಳಿಕೆ. ಹೀಗಾದ ಮೇಲೆ ಯಾರು ಆಲಾಪನೆಗೆ ಹತ್ತು ನಿಮಿಷ ಕೊಡುತ್ತಾರೆ?

ಆ ಪಾಪವನ್ನು ನಾನೇ ಮಾಡಿದ್ದೇನೆ. ಟೀಚರು ಹಾಡುವ ಒಂದು ಪದ ಹನ್ನೆರಡು ನಿಮಿಷದ್ದು. ಮದುಮಗಳಿಗೆ ಅರಿಶಿನ ಹಚ್ಚುವಾಗ ಹಾಡುವಂಥದ್ದು, ಹಚ್ಚುವುದು ಮುಗಿಯುವತನಕ ಪದವೂ ಮುಗಿಯಬಾರದು. ಒಬ್ಬರು ಎತ್ತಿಕೊಟ್ಟು ಉಳಿದವರು ಹಿಮ್ಮೇಳ ಹಿಡಿಯುವ ಹೊತ್ತಿಗೇ ಅರ್ಧ ನಿಮಿಷ ಆಗುತ್ತದೆ. "ಶುರುವಿನಲ್ಲೇ ಹಿಡಿಬೇಕು ಮೇಡಂ, ಇಲ್ಲಾಂದ್ರೆ ಜನ ಮುಂದಕ್ಕೆ ಹೋಗ್ತಾರೆ" ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿ, ಎತ್ತುಗಡೆ ಕತ್ತರಿಸಿ, ನಾಲ್ಕು ನಿಮಿಷಕ್ಕೆ ಇಳಿಸಿದೆ. ಅವರು ಏನೂ ಅನ್ನಲಿಲ್ಲ. ಆಮೇಲೆ ಒಂದು ಮದುವೆ ಮನೆಯಲ್ಲಿ ಅದೇ ಪದವನ್ನು ಹನ್ನೆರಡು ನಿಮಿಷವೂ ಹಾಡಿ ಮುಗಿಸಿ ನನ್ನ ಕಡೆ ಒಂದು ಸಲ ನೋಡಿದರು.

ಹೋಲಿಕೆ ಮುರಿಯುವ ಇನ್ನೊಂದು ಜಾಗ: ಕಾಫಿ ಪೂಲು ಒಂದೇ ಮೂಟೆ ತಂದ ಸಣ್ಣ ಹಿಡುವಳಿದಾರನನ್ನೂ ವಾಪಸ್ ಕಳಿಸುತ್ತಿರಲಿಲ್ಲ. ಹಾಡಿನ ಪೂಲು ಕಳಿಸುತ್ತದೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಕೇಳಿಕೆ ಕಾಣದ ಹಾಡಿಗೆ ಪೂಲಿನಿಂದ ಬಿಡಿಗಾಸೂ ಇಲ್ಲ. ಆ ಪಾಲು ಸಾವಿರ ದಾಟಿದ ಹಾಡುಗಳಿಗೆ ಹಂಚಿಹೋಗುತ್ತದೆ. ಅಷ್ಟು ಸಣ್ಣ ಮೊತ್ತ ಕಲಾವಿದರ ಕೈ ತಲುಪದೆ ನಡುವೆಯೇ ಉಳಿದುಹೋಗುತ್ತಿತ್ತು ಎಂಬುದು ಕಂಪನಿ ಕೊಟ್ಟ ಸಮಜಾಯಿಷಿ. ಅದರಲ್ಲಿ ಸತ್ಯವಿಲ್ಲ ಅನ್ನಲಾರೆ. ಟೀಚರ ಎಂಟು ಪದಗಳಲ್ಲಿ ಸಾವಿರ ದಾಟಿದ್ದು ಎರಡೇ. ಉಳಿದ ಆರು ಅಲ್ಲಿ ಬಿಟ್ಟಿ ಚಾಕರಿ ಮಾಡುತ್ತಿವೆ.

ಮೋಸವೂ ಇದೆ. ಎಲ್ಲರೂ ಒಂದೇ ಕಡಾಯಿಯಿಂದ ಬಡಿಸಿಕೊಳ್ಳುವಾಗ ಯಾರೋ ಸುಳ್ಳು ತಟ್ಟೆ ಒಡ್ಡಿದರೆ ಕಡಿಮೆಯಾಗುವುದು ಉಳಿದವರಿಗೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಒಬ್ಬನ ಮೇಲೆ ಅಲ್ಲಿನ ಸರ್ಕಾರ ಮೊಕದ್ದಮೆ ಹೂಡಿತು. ಕೃತಕ ಬುದ್ಧಿಮತ್ತೆಯಿಂದ ಲಕ್ಷಾಂತರ ಹಾಡು ಹುಟ್ಟಿಸಿ, ಅವನ್ನು ಕೇಳುಗರಂತೆ ನಟಿಸುವ ಬಾಟ್ ಎಂಬ ತಂತ್ರಾಂಶಗಳಿಂದಲೇ ಕೇಳಿಸಿ, ಒಂದು ಕೋಟಿ ಡಾಲರಿಗೂ ಮಿಕ್ಕಿ ರಾಯಲ್ಟಿ ಎತ್ತಿದ ಅನ್ನುವುದು ಆರೋಪ. ಹಾಡಿದವನೂ ಇಲ್ಲ, ಕೇಳಿದವನೂ ಇಲ್ಲ, ದುಡ್ಡು ಮಾತ್ರ ನಿಜ.

ಇನ್ನು ನಮ್ಮ ದೇಶದ ಪೂಲು. ಸ್ಪಾಟಿಫೈ ಇಲ್ಲಿಗೆ ಬಂದದ್ದು 2019ರ ಫೆಬ್ರವರಿಯಲ್ಲಿ, ತಿಂಗಳಿಗೆ 119 ರೂಪಾಯಿಯ ಚಂದಾದೊಂದಿಗೆ. ಆಗ ಅಮೆರಿಕದಲ್ಲಿ ಅದೇ ಚಂದಾ 9.99 ಡಾಲರ್, ಅಂದರೆ ಸುಮಾರು 700 ರೂಪಾಯಿ. ಒಂದೊಂದು ದೇಶದ ಪೂಲು ಬೇರೆಯಾದ್ದರಿಂದ ಕನ್ನಡದ ಹಾಡಿಗೆ ಕೇಳುಗರು ಹೆಚ್ಚಿರುವ ಕಡೆಯೇ ಹಣ ತೆಳು. ಅದರ ಮೇಲೆ ನಮ್ಮವರು ಹೆಚ್ಚಿನಂಶ ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರು. ಆ್ಯಪ್‌ಗಳಿಗೂ ಇದು ಗಿಟ್ಟುತ್ತಿಲ್ಲ. ರೆಸ್ಸೊ 2024ರ ಜನವರಿಯಲ್ಲಿ ಬಾಗಿಲು ಹಾಕಿತು, ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಅದೇ ವರ್ಷ ಮುಚ್ಚಿತು. ಆ್ಯಪ್ ಮುಚ್ಚಿದ ದಿನ ಅಲ್ಲಿ ನಿಮ್ಮನ್ನು ಹಿಂಬಾಲಿಸುತ್ತಿದ್ದವರೂ ಹೋದರು. ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿಲ್ಲವಲ್ಲ.

ಡಿಸ್ಟ್ರಿಬ್ಯೂಟರ್ ಅನ್ನುವವನ ಬಗ್ಗೆಯೂ ಒಂದು ಮಾತು. ಕಲಾವಿದರು ನೇರವಾಗಿ ಆ್ಯಪಿಗೆ ಹಾಡು ಕೊಡುವ ಹಾಗಿಲ್ಲ, ನಡುವೆ ಇಂಥ ಒಂದು ಸಂಸ್ಥೆ ಬೇಕು. ಕಾಫಿ ಬೀಜ ಸುಲಿದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್ ಇದ್ದ ಹಾಗೆ. ಕೆಲವರು ವರ್ಷದ ಚಂದಾ ಕೇಳುತ್ತಾರೆ, ಕೆಲವರು ಆದಾಯದಲ್ಲಿ ಪಾಲು. ವರ್ಷದ ಚಂದಾದವರಲ್ಲಿ ಕೆಲವು ಕಡೆ ಕಟ್ಟುವುದು ನಿಲ್ಲಿಸಿದರೆ ಹಾಡು ಕೆಳಗಿಳಿಯುತ್ತದೆ. ಸಹಿ ಹಾಕುವ ಮೊದಲು ಅದೊಂದು ಸಾಲು ಹುಡುಕಿ ಓದಿ.

ಕಾನೂನಿನ ಕಡೆಯಿಂದ ಸಿಗಬಹುದಾದ ಹಣವನ್ನು ನಮ್ಮವರು ಕೇಳುವುದೇ ಇಲ್ಲ ಅನ್ನುವುದು ನನ್ನ ದೂರು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಆದಮೇಲೆ, ಹಾಡು ಬರೆದವರು ಮತ್ತು ರಾಗ ಹಾಕಿದವರು ಕಂಪನಿಗೆ ಏನೇ ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲು ಅವರ ಕೈಬಿಟ್ಟು ಹೋಗುವುದಿಲ್ಲ. ಅದನ್ನು ವಸೂಲಿ ಮಾಡಿ ಹಂಚುವುದು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, 1969ರಿಂದ ಇರುವಂಥದ್ದು. ಸದಸ್ಯರಾಗದಿದ್ದರೆ ಬರುವುದಿಲ್ಲ. ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಭಾವಗೀತೆ, ಭಕ್ತಿಗೀತೆ ಬರೆದು ಹತ್ತಾರು ಸಿ.ಡಿ.ಗೆ ಕೊಟ್ಟು, ಒಂದು ಶಾಲು ಒಂದು ಹಾರಕ್ಕೆ ಸಮಾಧಾನಪಟ್ಟುಕೊಂಡ ಕವಿಗಳನ್ನು ನಾನು ಬಲ್ಲೆ. ಇದರ ಇನ್ನೊಂದು ಮುಖವೂ ಇದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ನಮ್ಮ ಜಿಲ್ಲೆಯ ಹೆಮ್ಮೆ, ಸರಿ. ಆದರೆ ಅವರು ತೀರಿಕೊಂಡದ್ದು 1994ರಲ್ಲಿ, ಕವಿ ತೀರಿದ ಮೇಲೆ 60 ವರ್ಷ ಹಕ್ಕು ಉಳಿದಿರುತ್ತದೆ. 2054ರವರೆಗೆ ಅವರ ಪದ್ಯ ಹಾಡಿ ಮಾರುವವರು ಅನುಮತಿ ಪಡೆಯಲೇಬೇಕು. "ನಮ್ಮ ಕುವೆಂಪು ತಾನೆ" ಅಂದರೆ ನಡೆಯುವುದಿಲ್ಲ.

ಸೋಬಾನೆ ಪದಕ್ಕೆ ಇಂಥ ತೊಡಕಿಲ್ಲ ಅಂದುಕೊಂಡಿದ್ದೆವು. ಯಾರೂ ಬರೆದದ್ದಲ್ಲ, ಎಲ್ಲರದು. ಯೂಟ್ಯೂಬಿಗೆ ಹಾಕಿದ ಮೂರನೇ ದಿನ ನೋಟಿಸು ಬಂತು, ಇದರ ರಾಗದ ಹಕ್ಕು ತಮ್ಮದು ಎಂದು ಒಂದು ಆಡಿಯೊ ಕಂಪನಿಯ ಕಡೆಯಿಂದ. ಆ ಕಂಪನಿ ಎಂದೋ ಒಂದು ಕಾಲದಲ್ಲಿ ಅದೇ ಪದದ ಕ್ಯಾಸೆಟ್ ತಂದಿತ್ತಂತೆ. ಅವರ ರೆಕಾರ್ಡಿಂಗಿಗೆ ಅವರ ಹಕ್ಕು ಇದೆ, ಅದು ಸರಿ. ಪದಕ್ಕೆ ಹೇಗೆ ಬಂತು? ಯೂಟ್ಯೂಬಿನಲ್ಲಿ ಇಂಥ ಹೋಲಿಕೆ ಹಿಡಿಯುವುದು ಯಂತ್ರ. ರಾಗ ಹೊಂದಿದರೆ ಸಾಕು, ಅದಕ್ಕೆ ಅಜ್ಜಿ ಗೊತ್ತಿಲ್ಲ, ಅರಿಶಿನ ಗೊತ್ತಿಲ್ಲ. ಆಕ್ಷೇಪ ಹಾಕಿದೆವು. ಉತ್ತರ ಕೊಡಲು ಹಕ್ಕು ಕೇಳಿದವರಿಗೆ 30 ದಿನ ಇರುತ್ತದೆ. ಅವರು ಕೊನೆಕೊನೆಯ ದಿನದವರೆಗೆ ಎಳೆದು ಬಿಟ್ಟುಕೊಟ್ಟರು. "ನಮ್ಮಜ್ಜಿ ಕಲಿಸಿದ ಪದ ನಮ್ದು ಅಂತ ಅರ್ಜಿ ಹಾಕ್ಬೇಕಾ?" ಎಂದು ಆ ತಿಂಗಳಿಡೀ ಟೀಚರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

ಇಷ್ಟೆಲ್ಲ ಬೈದ ಮೇಲೂ ಹಳೆ ಕಾಲ ಚೆನ್ನಾಗಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕ್ಯಾಸೆಟ್ ಕಾಲದಲ್ಲಿ ನಮ್ಮ ಕಡೆಯ ಹಾಡುಗಾರರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಕಂಪನಿ ಬಾಗಿಲಲ್ಲಿ ಕಾದು, ಒಂದು ಸಲದ ಸಂಭಾವನೆ ತೆಗೆದುಕೊಂಡು, ಸಹಿ ಹಾಕಿ ವಾಪಸ್ ಬರುತ್ತಿದ್ದರು. ಎಷ್ಟು ಕ್ಯಾಸೆಟ್ ಹೋಯಿತೆಂದು ಕೇಳಿದರೆ ಹೇಳುವವರಿರಲಿಲ್ಲ. ಈಗ ಬ್ರೆಜಿಲಿನ ಒಂದು ಕೇಳಿಕೆಯೂ ಪಟ್ಟಿಯಲ್ಲಿ ಬರುತ್ತದೆ. ಹಾಸನ ಜಿಲ್ಲೆಯವರೇ ಆದ ಚಂದನ್ ಶೆಟ್ಟಿ ಕನ್ನಡ ರ‍್ಯಾಪ್ ಹಾಡಿ ಮನೆಮಾತಾದದ್ದರಲ್ಲಿ ಯೂಟ್ಯೂಬಿನ ಪಾಲು ಎಷ್ಟೆಂದು ಎಲ್ಲರಿಗೂ ಗೊತ್ತು. ಹೊಸಬರನ್ನು ಹತ್ತು ಊರಿಗೆ ತೋರಿಸುವ ಕೆಲಸವನ್ನು ಇವು ಮಾಡುತ್ತವೆ. ಆದರೆ ಸಂತೆಯಲ್ಲಿ ಡಂಗುರ ಹೊಡೆಯುವ ಜಾಗವನ್ನೇ ಅಂಗಡಿ ಅಂದುಕೊಂಡರೆ ಕಷ್ಟ.

ಹಾಗಾದರೆ ಆಲ್ಬಂ ಬಿಡುವುದು ಎಲ್ಲಿ? ಹೊರಗಿನ ಉದಾಹರಣೆಗಳು ಬೇಕಾದಷ್ಟಿವೆ. ಇಂಗ್ಲೆಂಡಿನ ರೇಡಿಯೊಹೆಡ್ ತಂಡ 2007ರ ಅಕ್ಟೋಬರಿನಲ್ಲಿ ಹೊಸ ಆಲ್ಬಮನ್ನು ತನ್ನದೇ ವೆಬ್‌ಸೈಟಿನಲ್ಲಿಟ್ಟು, ತೋಚಿದಷ್ಟು ಕೊಡಿ, ಸೊನ್ನೆಯಾದರೂ ಸರಿ ಅಂದಿತು. ಅವರು ಅಷ್ಟು ಹೊತ್ತಿಗೆ ಜಗತ್ತಿಗೇ ಗೊತ್ತಿದ್ದವರು, ನಡೆಯಿತು. ನನಗೆ ಹೆಚ್ಚು ಹಿಡಿಸಿದ್ದು ಲಾಸ್ ಏಂಜಲೀಸಿನ ರ‍್ಯಾಪರ್ ನಿಪ್ಸಿ ಹಸಲ್ 2013ರಲ್ಲಿ ಮಾಡಿದ್ದು. ಹಾಡುಗಳನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟು, ಅದರದೇ ಸಾವಿರ ಪ್ರತಿ ಅಚ್ಚು ಹಾಕಿಸಿ, ಒಂದಕ್ಕೆ 100 ಡಾಲರಿನಂತೆ ಮಾರಿದ. ಸಾವಿರವೂ ಹೋದವು. ಪುಕ್ಕಟೆ ಸಿಗುವುದಕ್ಕೆ ಜನ ಯಾಕೆ ದುಡ್ಡು ಕೊಟ್ಟರು? ಕೊಂಡವರು ತಾವು ಯಾರೆಂದು ಅವನಿಗೆ ಗೊತ್ತಾಗಲಿ ಎಂದು ಕೊಟ್ಟರು, ಹಾಗಂತ ನನ್ನ ಎಣಿಕೆ. ಕೆನಡಾದ ಸಿಂಡಿ ಲೀ 2024ರ ಮಾರ್ಚಿನಲ್ಲಿ ಎರಡು ಗಂಟೆಯ ಆಲ್ಬಮನ್ನು ಯಾವ ಸ್ಟ್ರೀಮಿಂಗ್ ಆ್ಯಪಿಗೂ ಕೊಡದೆ, ಮಾಂಧಾತನ ಕಾಲದ ಜಿಯೋಸಿಟೀಸ್ ವೆಬ್‌ಸೈಟಿನ ಮಾದರಿಯ ಪುಟವೊಂದರಲ್ಲಿ ಡೌನ್‌ಲೋಡಿಗೆ ಇಟ್ಟರು, ಯೂಟ್ಯೂಬಿನಲ್ಲಿ ಒಂದೇ ಉದ್ದ ವಿಡಿಯೊ ಮಾಡಿ ಬಿಟ್ಟರು. ಆ ವರ್ಷ ವಿಮರ್ಶಕರು ಎಲ್ಲರಿಗಿಂತ ಹೆಚ್ಚು ಮಾತಾಡಿದ ಆಲ್ಬಂಗಳಲ್ಲಿ ಅದೂ ಒಂದು.

ಕಲಾವಿದರು ನೇರ ಮಾರಲು 2008ರಿಂದ ಬ್ಯಾಂಡ್‌ಕ್ಯಾಂಪ್ ಇದೆ. ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಇಟ್ಟುಕೊಂಡು, ಹಣ ಪಾವತಿಯ ಶುಲ್ಕ ಕಳೆದು ಉಳಿದದ್ದನ್ನು ಕೊಡುತ್ತದೆ, ಕೊಂಡವರ ಇ-ಮೇಲನ್ನೂ ಕೊಡುತ್ತದೆ. ಟೀಚರ ಪ್ರಶ್ನೆಗೆ ಉತ್ತರವಿರುವ ಅಂಗಡಿ ಇದು. ನಾವೂ ಖಾತೆ ತೆರೆದೆವು. ಎಡವಟ್ಟಾದದ್ದು ಹಣದ ದಾರಿಯಲ್ಲಿ. ಅದು ಕಲಾವಿದರಿಗೆ ಹಣ ತಲುಪಿಸುವುದು ಪೇಪಾಲ್ ಎಂಬ ಅಮೆರಿಕದ ಪಾವತಿ ಕಂಪನಿಯ ಮೂಲಕ, ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನೇ ನಿಲ್ಲಿಸಿದೆ. ನ್ಯೂಜೆರ್ಸಿಯಲ್ಲಿರುವ ಟೀಚರ ಅಣ್ಣನ ಮಗ ಸಲೀಸಾಗಿ ಕೊಂಡ. ಸಕಲೇಶಪುರದ ಅವರ ತಂಗಿ ಅರ್ಧ ಗಂಟೆ ಒದ್ದಾಡಿ, "ಅಕ್ಕ, ನಿಂಗೇ ಫೋನ್‌ಪೇ ಮಾಡಿಬಿಡ್ಲಾ?" ಅಂದರು.

ಅಲ್ಲಿ ನಮಗೆ ಬುದ್ಧಿ ಬಂತು. ಯುಪಿಐ ಇರುವ ಊರಿನಲ್ಲಿ ನಡುವೆ ಅಮೆರಿಕ ಯಾಕೆ?

ನೇರ ಮಾರುವುದಕ್ಕೆ ಕನ್ನಡದಲ್ಲಿ ದಾರಿ ಇಲ್ಲದೆಯೂ ಇಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಮನೆಮನೆಗೆ ಹೋಗಿ ಮಾರಿದವರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ ಚಂದಾದಾರರನ್ನು ನಂಬಿಕೊಂಡೇ ಬೆಳೆಯಿತು. ಪುಸ್ತಕ ಅಚ್ಚಾಗುವ ಮೊದಲೇ ಓದುಗ ದುಡ್ಡು ಕೊಟ್ಟಿರುತ್ತಿದ್ದ, ಏನು ಬರುತ್ತದೆಂದು ಗೊತ್ತಿಲ್ಲದೆಯೂ. ಸಿನಿಮಾದಲ್ಲಿ ಪವನ್ ಕುಮಾರ್ 2013ರಲ್ಲಿ ತೆರೆಗೆ ತಂದ ಲೂಸಿಯಾಕ್ಕೆ ನೂರಕ್ಕೂ ಮಿಕ್ಕಿ ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಮುಂಗಡ ಹಾಕಿದ್ದರು. ಪುಸ್ತಕಕ್ಕೆ ಆದದ್ದು, ಸಿನಿಮಾಕ್ಕೆ ಆದದ್ದು ಹಾಡಿಗೆ ಯಾಕೆ ಆಗಬಾರದು ಅಂದುಕೊಂಡು ಎರಡನೇ ಆಲ್ಬಮ್ಮಿಗೆ ಇಳಿದೆವು.

ಯಾವುದರಲ್ಲಿ ಕೊಡುವುದು ಅನ್ನುವುದೇ ದೊಡ್ಡ ಚರ್ಚೆ. ಸಿ.ಡಿ. ಹಾಕುವ ಡಬ್ಬ ಯಾರ ಮನೆಯಲ್ಲೂ ಇಲ್ಲ. ಬರೀ ಡೌನ್‌ಲೋಡ್ ಲಿಂಕ್ ಕೊಟ್ಟರೆ ಅದು ಸಂಜೆಯೊಳಗೆ ಹತ್ತು ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಹಾಸನದ ಬಸ್ ನಿಲ್ದಾಣದ ಅಕ್ಕಪಕ್ಕದ ಮೊಬೈಲ್ ಅಂಗಡಿಗಳಲ್ಲಿ ಇವತ್ತಿಗೂ ಜನ ಪೆನ್‌ಡ್ರೈವ್ ಕೊಟ್ಟು "ಹಳೇ ಸಾಂಗ್ ಹಾಕ್ಕೊಡಿ" ಅನ್ನುವುದನ್ನು ನೋಡಿದ್ದೆ. ಜೀಪು, ಪಿಕಪ್ಪು, ಖಾಸಗಿ ಬಸ್ಸು, ಎಲ್ಲ ಓಡುವುದು ಪೆನ್‌ಡ್ರೈವಿನ ಮೇಲೆ. ಸಾರೆಗಾಮ 2017ರಲ್ಲಿ 5,000 ಹಳೆ ಹಾಡು ತುಂಬಿದ ಕಾರವಾನ್ ರೇಡಿಯೊ ತಂದಾಗ ಜನ ಸಾವಿರಗಟ್ಟಲೆ ಕೊಟ್ಟು ಕೊಂಡರು, ಅದೇ ಹಾಡುಗಳು ಫೋನಿನಲ್ಲಿ ಬಿಟ್ಟಿ ಸಿಗುತ್ತಿದ್ದರೂ. ಕೈಗೆ ಸಿಗುವ ವಸ್ತುವಿಗೆ ನಮ್ಮ ಜನ ದುಡ್ಡು ಬಿಚ್ಚುತ್ತಾರೆ. ಪೆನ್‌ಡ್ರೈವೇ ಸರಿ ಅಂದೆವು.

ಕೊಯ್ಲು ಮುಗಿದು ಕಣ ಖಾಲಿಯಾಗಿದ್ದ ಮಾರ್ಚ್ ತಿಂಗಳ ಒಂದು ಶನಿವಾರ ಸಂಜೆ, ಮಾವನವರ ತೋಟದ ಕಾಫಿ ಕಣದಲ್ಲೇ ಬಿಡುಗಡೆ. ಜಮಖಾನ ಹಾಸಿ, ಎರಡು ದೀಪ, ಎರಡು ಮೈಕು. ಮೋಡ ಬೇರೆ ಕಟ್ಟಿತ್ತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಂದರೆ ಬೆಳೆಗಾರರಿಗೆ ಹಬ್ಬ, ನಮಗೆ ತಿಥಿ. ಬಂದವರಲ್ಲಿ ಮುಕ್ಕಾಲು ಪಾಲು ಬೆಳೆಗಾರರೇ ಆದ್ದರಿಂದ ಎಲ್ಲರೂ ಮಧ್ಯೆ ಮಧ್ಯೆ ಆಸೆಯಿಂದ ಆಕಾಶ ನೋಡುತ್ತಾ ಪದ ಕೇಳಿದರು. ಮಳೆ ಬರಲಿಲ್ಲ. ನಾಲ್ಕು ಜನ ಹೆಂಗಸರು ಒಂದೂವರೆ ಗಂಟೆ ಹಾಡಿದರು, ಹನ್ನೆರಡು ನಿಮಿಷದ ಪದವೂ ಪೂರ್ತಿ ಬಂತು. ಬಾಗಿಲಲ್ಲಿ ಒಂದು ಮೇಜು, ಕ್ಯೂಆರ್ ಕೋಡಿನ ಫಲಕ, ಒಂದು ನೋಟ್‌ಬುಕ್. ಪೆನ್‌ಡ್ರೈವ್ ಕೊಂಡವರು ಹೆಸರು, ಊರು, ಫೋನ್ ನಂಬರ್ ಬರೆಯಬೇಕು.

ಲೆಕ್ಕ ಮುಚ್ಚಿಡುವುದಿಲ್ಲ. 150 ಪೆನ್‌ಡ್ರೈವ್, ಒಂದಕ್ಕೆ 500 ರೂಪಾಯಿ. ಅವತ್ತು ನೂರರ ಹತ್ತಿರ ಹೋದವು, ಉಳಿದವು ಮೇ ತಿಂಗಳೊಳಗೆ ಮುಗಿದವು. ಬಂದದ್ದು 75,000. ಪೆನ್‌ಡ್ರೈವಿಗೆ 30,000, ಡಬ್ಬಿ ಮತ್ತು ಪದಗಳ ಪುಸ್ತಿಕೆಯ ಅಚ್ಚಿಗೆ 8,000, ಮೈಕು, ಉಪ್ಪಿಟ್ಟು, ಕಾಫಿಗೆ 7,000. ಮಿಕ್ಕ 30,000ವನ್ನು ನಾಲ್ವರು ತಲಾ 7,500ರಂತೆ ಹಂಚಿಕೊಂಡರು. ನನ್ನ ರೆಕಾರ್ಡಿಂಗಿನ ಖರ್ಚನ್ನು ಇದರಲ್ಲಿ ಹಿಡಿದಿಲ್ಲ. ಹಿಡಿದಿದ್ದರೆ ಅವರ ಪಾಲು ಅರ್ಧಕ್ಕೆ ಇಳಿಯುತ್ತಿತ್ತು. ಇದನ್ನು ಮುಚ್ಚಿಟ್ಟು "ನೇರ ಮಾರಿ, ಲಾಭ ಮಾಡಿ" ಎಂದು ಭಾಷಣ ಬಿಗಿಯುವವರನ್ನು ನಂಬಬೇಡಿ.

ಎಡವಟ್ಟುಗಳಿಗೆ ಲೆಕ್ಕವಿಲ್ಲ. ಮರುದಿನ ಬೆಳಗಿನಿಂದ ಫೋನು. "ಕಾರಲ್ಲಿ ಓದ್ತಿಲ್ಲ ಕಣ್ರಿ." ನೋಡಿದರೆ ನಾನು ಪೆನ್‌ಡ್ರೈವುಗಳನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ್ದೆ. ಹಳೆಯ ಕಾರ್ ಸ್ಟೀರಿಯೊಗಳಿಗೆ ಫ್ಯಾಟ್32 ಬೇಕು. ಓದಿದ ಕಡೆಯೂ ಹಾಡಿನ ಹೆಸರಿನ ಜಾಗದಲ್ಲಿ ಬರೀ ಚೌಕಗಳು, ಯಾಕೆಂದರೆ ಫೈಲಿನ ಹೆಸರು ಕನ್ನಡದಲ್ಲಿತ್ತು, ಆ ಡಬ್ಬಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ. ಫೈಲುಗಳ ಮುಂದೆ 01, 02 ಅಂತ ಅಂಕಿ ಹಾಕಿರಲಿಲ್ಲವಾಗಿ ಮದುಮಗಳನ್ನು ಗಂಡನ ಮನೆಗೆ ಕಳಿಸುವ ಪದ ಮೊದಲು, ಅರಿಶಿನದ ಪದ ಆಮೇಲೆ ಬರುತ್ತಿತ್ತು. ಶೃಂಗೇರಿ ಕಡೆಯ ಬಸ್ಸಿನ ಡ್ರೈವರೊಬ್ಬರು ಫೋನ್ ಮಾಡಿ, "ಮದ್ವೆಗೆ ಮುಂಚೇನೇ ಹೆಣ್ಣನ್ನ ಕಳಿಸ್ಬಿಟ್ರಲ್ಲ ಸಾರ್" ಅಂದರು. ನೋಟ್‌ಬುಕ್ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ, ಅಂಚೆಯಲ್ಲಿ, ಬಸ್ಸಿನಲ್ಲಿ ತರಿಸಿ ತಿದ್ದಿಕೊಟ್ಟೆವು. ಮೊದಲ ಆಲ್ಬಮ್ಮಿನಲ್ಲಿ ಹೀಗೊಂದು ತಪ್ಪಾಗಿದ್ದರೆ ಯಾರಿಗೆ ಫೋನ್ ಮಾಡುತ್ತಿದ್ದೆ?

ಪೂಲು ಬಿಟ್ಟು ಬಂದವರೆಲ್ಲ ಸುಖವಾಗಿದ್ದಾರೆ ಅಂತಲೂ ಅಲ್ಲ. ಮಾವನವರು ಇದನ್ನು ಚೆನ್ನಾಗಿ ಬಲ್ಲರು. 1990ರ ದಶಕದಲ್ಲಿ ಪೂಲು ಹೋದಾಗ ಕಾಫಿ ಸೀಮೆಗೆಲ್ಲ ದೀಪಾವಳಿ, ಕೈತುಂಬ ದುಡ್ಡು. 2001ರ ಸುಮಾರಿಗೆ ವಿಶ್ವ ಮಾರುಕಟ್ಟೆ ಬಿದ್ದು ದರ ನೆಲಕಚ್ಚಿದಾಗ ಹಿಡಿದು ನಿಲ್ಲಿಸಲು ಯಾರೂ ಇರಲಿಲ್ಲ. ಆಮೇಲೆ ಕೆಲವರು ತಮ್ಮ ತೋಟದ ಹೆಸರಿನಲ್ಲೇ ಹುರಿದು ಪುಡಿ ಮಾಡಿ ಕಟ್ಟಿ ಮಾರತೊಡಗಿದರು. ಆದರೆ ಅದಕ್ಕೆ ಬಂಡವಾಳ ಬೇಕು, ಬಿಡುವು ಬೇಕು, ಇಂಗ್ಲಿಷ್ ಬೇಕು. ಹಾಡಿನಲ್ಲೂ ಹಾಗೆಯೇ. ಟೀಚರಿಗೆ ಸಂಬಳ ಇದೆ, ಮಾವನ ಕಣ ಇದೆ. ಕಡೂರು, ತರೀಕೆರೆ ಕಡೆ ವೀರಗಾಸೆ ಕುಣಿಯುವವರಿಗೆ, ಚೌಡಿಕೆ ಪದ ಹಾಡುವವರಿಗೆ ಎರಡೂ ಇಲ್ಲ. ನೂರೈವತ್ತು ಪೆನ್‌ಡ್ರೈವಿಗೆ ಮೂವತ್ತು ಸಾವಿರ ಮುಂಗಡ ಹಾಕಿ ಎಂದು ಅವರಿಗೆ ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಅವರಿಗೆ ಚಂದಾ ಮುಂಚೆ, ವಸ್ತು ಆಮೇಲೆ ಅನ್ನುವ ಗ್ರಂಥಮಾಲೆ ದಾರಿಯೇ ವಾಸಿ. ಊರವರು ಜಾತ್ರೆಗೆ ಹೇಗೂ ವಂತಿಗೆ ಎತ್ತುತ್ತಾರೆ, ಅದರಲ್ಲಿ ಒಂದು ಭಾಗ ಆಲ್ಬಮ್ಮಿಗೆ ಎತ್ತಿದರೆ ಆಯಿತು.

ಸ್ಟ್ರೀಮಿಂಗನ್ನು ಪೂರ್ತಿ ಬಿಡಿ ಎಂದೂ ನಾನು ಹೇಳುವುದಿಲ್ಲ. ಎರಡನೇ ಆಲ್ಬಮ್ಮಿನ ಎರಡು ಪದ ಮಾತ್ರ ಈಗ ಆ್ಯಪ್‌ಗಳಲ್ಲಿವೆ. ಉಳಿದವು ವರ್ಷದ ನಂತರ ಹೋಗುತ್ತವೆ, ಪೂರ್ತಿ ಉದ್ದದಲ್ಲಿ, ಎತ್ತುಗಡೆ ಸಮೇತ. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾಳೆ, ಅದಕ್ಕೇ ಅಷ್ಟುದ್ದ ಸಾಲು ಎಂದು ಟೀಚರ ತಂಗಿ ತಮಾಷೆ ಮಾಡಿದರು. ಹಾಸನದವರು ಮಾತಿಗೊಮ್ಮೆ ಅಮ್ಮನವರನ್ನು ಎಳೆದು ತರದೆ ಬಿಡುವುದಿಲ್ಲ. ಆದರೂ ಲೆಕ್ಕ ಸರಿಯಾಗಿದೆ. ಸದಾ ತೆರೆದಿರುವ ಬಾಗಿಲಿಗೆ ಯಾರೂ ಸಾಲು ನಿಲ್ಲುವುದಿಲ್ಲ.

ಮೂರನೆಯದಕ್ಕೆ ಈಗಾಗಲೇ ಮುಂಗಡ ಬರುತ್ತಿದೆ. ಏನು ಹಾಡುತ್ತಾರೆಂದು ಇನ್ನೂ ತೀರ್ಮಾನವಾಗಿಲ್ಲ. ನೋಟ್‌ಬುಕ್ಕಿನ ಹೊಸ ಹಾಳೆಗಳಲ್ಲಿ ಇವತ್ತಿಗೆ 61 ಹೆಸರು. ಒಬ್ಬರು ಬರೆದ ಮೊಬೈಲ್ ನಂಬರಿನಲ್ಲಿ ಒಂಬತ್ತೇ ಅಂಕಿ ಇದೆ, ಹೆಸರಿನ ಮುಂದೆ ಊರು ಕೊಪ್ಪ ಅಂತಷ್ಟೇ ಇದೆ. ಯಾರೆಂದು ಟೀಚರು ಆ ಕಡೆಯ ನೆಂಟರ ಹತ್ತಿರ ವಿಚಾರಿಸುತ್ತಿದ್ದಾರೆ.